ನೀಲಿಗೆ ತಿರುಗಿದ ಅಲಗು

ಸಾಣೆಯಣ್ಣನ ಎಡ ಮುಂಗೈಯ ಒಳಮಗ್ಗುಲಲ್ಲಿ ಎರಡೂವರೆ ಅಂಗುಲದ ಒಂದು ಸುಟ್ಟ ಗೆರೆಯಿತ್ತು. ಅದು ಬಿದ್ದದ್ದು ೧೯೭೪ನೆಯ ಇಸವಿ ಜನವರಿ ೨೧ರ ಸೋಮವಾರ ಬೆಳಿಗ್ಗೆ. ಆಗ ಅವನಿಗೆ ಹತ್ತು ವರ್ಷ, ಐದು ತಿಂಗಳು, ಹನ್ನೆರಡು ದಿನ. ಅಪ್ಪ ಪಕ್ಕದ ಅಂಗಡಿಗೆ ಹೋಗಿದ್ದಾಗ, ಗುದ್ದಲಿ ಹಾರೆಗಳಿಗೆಂದು ಇಟ್ಟಿದ್ದ ಒಣ ಚಕ್ರಕ್ಕೆ ಒಂದು ಚೂರಿಯನ್ನು ಒತ್ತಿ, ಹಾರಿದ ಕಿಡಿಗಳನ್ನು ಕಂಡು ಅವನು ಕೇಕೆ ಹಾಕಿದ್ದ. ಹಿಂತಿರುಗಿದ ಅಪ್ಪ ಬಯ್ಯಲಿಲ್ಲ. ಬಿಸಿಯಾರದ ಅದೇ ಅಲಗನ್ನು ಮಗನ ಮುಂಗೈಗೆ ಒತ್ತಿ, ಚರ್ಮ ಸುಟ್ಟ ವಾಸನೆ ಬರುವ ತನಕ ಹಿಡಿದಿದ್ದ.

"ನಿನ್ ಚರ್ಮ ತಡೀತಾ? ಇಲ್ಲ ತಾನೇ? ಉಕ್ಕೂ ತಡೆಯಲ್ಲ. ಕಿಡಿ ಹಾರ್ತು ಅಂದ್ರೆ ಅಲಗಿನ ಜೀವ ಹಾರ್ತು ಅಂತ ತಿಳ್ಕೋ."

ಚೂರಿಯ ಉಕ್ಕಿಗೆ ಒಂದು ಹದವಿರುತ್ತದೆ. ಒಣ ಚಕ್ರದ ಬಿಸಿಗೆ ಅದರ ಅಂಚು ನೀಲಿಗೆ ತಿರುಗಿದರೆ ಹದ ಕೆಟ್ಟಿತೆಂದೇ ಅರ್ಥ. ಅಂಥ ಅಲಗು ಕಾಗದವನ್ನು ಸೀಳುತ್ತದೆ, ಕೂದಲನ್ನೂ ಕತ್ತರಿಸುತ್ತದೆ. ಮೂಳೆ ಸಿಕ್ಕಿದಾಗ ಮಾತ್ರ ತಗಡಿನಂತೆ ಮಡಚಿಕೊಳ್ಳುತ್ತದೆ. ಆದ್ದರಿಂದ ಸಾಣೆಯಣ್ಣ ನಲವತ್ತೆಂಟು ವರ್ಷಗಳ ಕಾಲ ಚೂರಿಗಳನ್ನು ನೆನೆಸಿದ ಕಲ್ಲಿನ ಮೇಲೆಯೇ ಮಸೆದ. ಮಾಂಸದ ಮಾರುಕಟ್ಟೆಯ ಹಿಂಬದಿಯಲ್ಲಿ, ಏಳಡಿ ಅಗಲದ ಅಂಗಡಿಯಲ್ಲಿ, ಮದುವೆಯಾದಂದಿನಿಂದ ಹೆಂಡತಿ ಪಕ್ಕದಲ್ಲಿ ಕುಳಿತು ಚೊಂಬಿನಿಂದ ಹನಿಹನಿಯಾಗಿ ನೀರೆರೆಯುತ್ತಿದ್ದಳು. ಮಾರುಕಟ್ಟೆಯ ಎಂಟೂ ಅಂಗಡಿಗಳ ಚೂರಿಗಳು ಅವನ ಕೈಯಲ್ಲೇ ಹರಿತವಾಗಬೇಕು. ಅದೇ ಅವನ ಅನ್ನ, ಅದೇ ಅವನ ಹೆಸರು.

ಮಗಳ ಮದುವೆಯಾದ ಮೇಲೆ ಈ ಸಂಸಾರಕ್ಕೆ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಳಿಯ ಬಂದು ಸೇರಿದ. ಬಾಯಿ ಬಿಟ್ಟರೆ ಹತ್ತು ಅಂಗಡಿಗೆ ಸಾಕಾಗುವಷ್ಟು ಮಾತು.

"ಮಾವ, ಈಗ ಗಿರಾಕಿ ಬೀದೀಲಿ ಇಲ್ಲ, ಫೋನಲ್ಲಿದಾನೆ. ನೀವು ಅಲ್ಲಿ ಕಾಣಿಸ್ಲಿಲ್ಲ ಅಂದ್ರೆ ಅಂಗಡಿ ಇದ್ದೂ ಇಲ್ಲದ ಹಾಗೆ."

"ನಾನು ಇಲ್ಲೇ ಕಾಣಿಸ್ತಾ ಇದೀನಲ್ಲಪ್ಪ. ಹೊಟ್ಟೆ ಬೇರೆ ಬಂದಿದೆ, ಇನ್ನೂ ಚೆನ್ನಾಗೇ ಕಾಣುತ್ತೆ."

೨೦೨೨ನೆಯ ಇಸವಿ ಮಾರ್ಚ್ ೧೪, ಸೋಮವಾರ, ಅಳಿಯ ಅಂಗಡಿಯ ಹೆಸರಿನಲ್ಲಿ ಒಂದು ಪುಟ ತೆರೆದು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಫೋನನ್ನು ನಿಲ್ಲಿಸಿ, ಹನ್ನೊಂದು ನಿಮಿಷದ ಮಸೆತವನ್ನು ಚಿತ್ರೀಕರಿಸಿ ಹಾಕಿದ. ನೋಡಿದವರು ಹತ್ತೊಂಬತ್ತು ಜನ. ಅವರಲ್ಲಿ ಹದಿಮೂರು ಮಂದಿ ನೆಂಟರು. ಆದರೆ ಉಳಿದ ಆರು ಜನರಲ್ಲಿ ಒಬ್ಬ ಹೋಟೆಲಿನ ಅಡುಗೆಯವನಾಗಿದ್ದು, ಮೂರನೆಯ ದಿನ ನಾಲ್ಕು ಚಾಕುಗಳನ್ನು ಹಿಡಿದು ಬಂದ. ಸಾಣೆಯಣ್ಣನಿಗೆ ಅದು ಸಾಕಾಗಿತ್ತು. ಅಳಿಯನಿಗೆ ಸಾಕಾಗಲಿಲ್ಲ.

"ನೀರು, ಕಲ್ಲು, ಸರ್ ಸರ್ ಸದ್ದು... ನಿದ್ದೆ ಬರುತ್ತೆ ಮಾವ. ಆ ಚಕ್ರ ಹಾಕಿ ಒಂದ್ಸಲ. ಕಿಡಿ ಹಾರ್‌ಬೇಕು!"

ಜೂನ್ ೫ರ ಭಾನುವಾರ ಒಂದು ಹಳೆಯ ಮಚ್ಚಿನ ಮೇಲೆ ಕಿಡಿ ಹಾರಿಸಿದ್ದಾಯಿತು. ನಾಲ್ಕೇ ದಿನದಲ್ಲಿ ಎರಡು ಲಕ್ಷ ಜನ ನೋಡಿದರು. ಅಂಗಡಿಯ ಮುಂದೆ ಜನ ನೆರೆದು, ತಮ್ಮ ಚಾಕುವಿನಿಂದಲೂ ಕಿಡಿ ಹಾರಲೇಬೇಕೆಂದು ಹಟ ಹಿಡಿದರು. ಮೂಗಿಗಿಂತ ಮೂಗುತಿ ಭಾರವಾಯಿತು. ಆಗಸ್ಟ್ ಮುಗಿಯುವ ಹೊತ್ತಿಗೆ ನೆನೆಸಿದ ಕಲ್ಲು ಒಣಗಿ ಬಿರುಕು ಬಿಟ್ಟಿತ್ತು. ಹೆಂಡತಿಯ ಚೊಂಬಿನಲ್ಲಿ ಅಳಿಯ ಪೆನ್ನುಗಳನ್ನು ನಿಲ್ಲಿಸಿದ್ದ.

"ನಿಮ್ಮಪ್ಪ ಇದ್ದಿದ್ರೆ ಇವತ್ತು ಇನ್ನೊಂದು ಬರೆ ಹಾಕೋರು," ಎಂದಳು ಹೆಂಡತಿ.

"ಅಪ್ಪನ ಕಾಲದಲ್ಲಿ ಎರಡು ಲಕ್ಷ ಜನ ಎಲ್ಲಿದ್ರು?" ಎಂದ ಸಾಣೆಯಣ್ಣ. ಆದರೆ ಅವಳ ಮುಖ ನೋಡಿ ಹೇಳಲಿಲ್ಲ.

ಸೆಪ್ಟೆಂಬರ್ ೧೬, ಶುಕ್ರವಾರ ಸಂಜೆ, ಮಾಂಸದಂಗಡಿಯ ಗೂಳಿ ತನ್ನ ಚೂರಿಯನ್ನು ಕೊಟ್ಟು ಹೋದ. ಇಡೀ ಎತ್ತಿನ ತೊಡೆಯನ್ನು ಒಂದೇ ಹೆಗಲಲ್ಲಿ ಹೊರುತ್ತಿದ್ದುದಕ್ಕೆ ಮಾರುಕಟ್ಟೆ ಅವನಿಗಿಟ್ಟ ಹೆಸರು ಅದು. ಸಾಣೆಯಣ್ಣನಿಗೆ ಇಪ್ಪತ್ತಾರು ವರ್ಷದ ಗಿರಾಕಿ. ಫೋನಿನ ಮುಂದೆ ಕಿಡಿಗಳು ಹೂಮಳೆಯಂತೆ ಸುರಿದವು. ಚಕ್ರ ನಿಂತ ಮೇಲೆ ನೋಡಿದರೆ, ಅಂಚಿನ ಉದ್ದಕ್ಕೂ ನವಿಲಿನ ಕತ್ತಿನಂಥ ನೀಲಿ ಗೆರೆ. ಅಷ್ಟು ಉಕ್ಕನ್ನು ಕಲ್ಲಿನ ಮೇಲೆ ತೆಗೆದು ಹಾಕಿ ಮತ್ತೆ ಮಸೆಯಲು ಅರ್ಧ ದಿನ ಬೇಕು. ಹೊರಗೆ ಏಳು ಜನ ಕಾದಿದ್ದರು. ಅವನು ಉಜ್ಜುಕಾಗದ ತೆಗೆದುಕೊಂಡು ಆ ನೀಲಿಯನ್ನು ತಿಕ್ಕಿ ಅಳಿಸಿದ. ಚೂರಿ ಫಳಫಳ ಹೊಳೆಯಿತು.

ಮರುದಿನ ಶನಿವಾರ, ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ, ಗೂಳಿ ಮೂಳೆಯಿಂದ ಮಾಂಸ ಬಿಡಿಸುತ್ತಿದ್ದಾಗ ಅಂಚು ಮಡಚಿತು. ಹಿಡಿತ ಸಿಗದ ಚೂರಿ ಮೂಳೆಯ ಮೇಲೆ ಜಾರಿ, ಎಡ ಅಂಗೈಯನ್ನು ಬುಡದಿಂದ ಬೆರಳ ತನಕ ಸೀಳಿತು. ಬಿಳಿಯ ನರಗಳು ಹೊರಗೆ ಕಂಡವು. ಆಸ್ಪತ್ರೆಗೆ ಹೋಗಬೇಕಾದವನು ಕೈಗೆ ಗೋಣಿಚೀಲ ಸುತ್ತಿಕೊಂಡು ನೇರವಾಗಿ ಸಾಣೆ ಅಂಗಡಿಗೆ ಬಂದ. ದಾರಿಯುದ್ದಕ್ಕೂ ರಕ್ತ ಸುರಿದಿತ್ತು. ಸಾಣೆಯಣ್ಣ ಫೋನಿನ ಮುಂದೆ ಚಕ್ರ ಹಾಕಿಕೊಂಡು ಕುಳಿತಿದ್ದ.

"ಏನಯ್ಯಾ ಸಾಣೆಯಣ್ಣ, ಇದೇನು ಚೂರೀನಾ, ಚಮಚಾನಾ?"

ಉತ್ತರಕ್ಕೆ ಅವನು ಕಾಯಲಿಲ್ಲ. ಕತ್ತಿನ ಪಟ್ಟಿ ಹಿಡಿದೆತ್ತಿ, ಸಾಣೆಯಣ್ಣನ ಮುಖವನ್ನು ಚಕ್ರದ ಕಬ್ಬಿಣದ ಚೌಕಟ್ಟಿಗೆ ಅಪ್ಪಳಿಸಿದ. ಎರಡು ಹಲ್ಲು ಮುರಿದು ನೆಲಕ್ಕೆ ಬಿದ್ದವು. ಎರಡನೆಯ ಬಾರಿ ಅಪ್ಪಳಿಸಿದಾಗ ಮೂಗು ಒಡೆಯಿತು. ಚಕ್ರ ಇನ್ನೂ ಗಿರಗಿರನೆ ತಿರುಗುತ್ತಿತ್ತು. "ಕಿಡಿ ಬೇಕಾ? ಕಿಡಿ? ತಗೋ!" ಎನ್ನುತ್ತ ಗೂಳಿ ಅವನ ಬಲಗೈಯನ್ನು ಎಳೆದು ಆ ಚಕ್ರಕ್ಕೆ ಒತ್ತಿದ. ಕಿಡಿ ಹಾರಲಿಲ್ಲ. ಮೂರು ಬೆರಳುಗಳ ಚರ್ಮವೂ ಎರಡು ಉಗುರುಗಳೂ ಹಾರಿ, ಗೋಡೆಯ ಮೇಲೆ ಕೆಂಪು ಹನಿಗಳ ಸಾಲು ಬಿತ್ತು. ಸಾಣೆಯಣ್ಣ ಕೂಗಿದ ಕೂಗು ಮಾರುಕಟ್ಟೆಯ ಆಚೆ ಬದಿಗೂ ಕೇಳಿಸಿತು.

ಅಳಿಯ ಗೋಡೆಗೆ ಅಂಟಿ ನಿಂತಿದ್ದ. ಹೆಂಡತಿ ಒಳಗಿನಿಂದ ತುಂಬಿದ ಬಕೆಟ್ಟನ್ನು ತಂದು, ನೀರನ್ನು ಗೂಳಿಯ ಮುಖಕ್ಕೆ ಎರಚಿ, ಖಾಲಿ ಬಕೆಟ್ಟಿನಿಂದ ಅವನ ಕಿವಿಯ ಮೇಲೆ ಬಾರಿಸಿದಳು. "ಬಿಡೋ! ಬಿಡೋ ನನ್ ಗಂಡನ್ನ!" ಎಂದು ಮತ್ತೆ ಬಾರಿಸಿದಳು. ಕಿವಿಯಿಂದ ರಕ್ತ ಇಳಿಯಿತು. ಗೂಳಿ ಕೈ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕಡಿದ ಮರದಂತೆ ಹೊಸ್ತಿಲ ಮೇಲೆ ಕುಸಿದ.

ಇಬ್ಬರನ್ನೂ ಒಂದೇ ಗಾಡಿಯಲ್ಲಿ ಹಾಕಿ ಒಂದೇ ಆಸ್ಪತ್ರೆಗೆ ಒಯ್ದರು. ಅಕ್ಕಪಕ್ಕದ ಎರಡು ಮಂಚಗಳ ಮೇಲೆ ಹೊಲಿಗೆ ನಡೆಯಿತು: ಗೂಳಿಗೆ ಮೂವತ್ತೊಂದು, ಸಾಣೆಯಣ್ಣನಿಗೆ ಹದಿನಾಲ್ಕು.

"ಎರಡು ಬೆರಳು ಇನ್ಮೇಲೆ ಮಡಚಲ್ವಂತೆ," ಎಂದ ಗೂಳಿ, ಸೂರನ್ನು ನೋಡುತ್ತ. "ಬದುಕಿದೀಯಾ?"

"ಅಂಚು ನೀಲಿಯಾಗಿತ್ತು," ಎಂದ ಸಾಣೆಯಣ್ಣ. ಊದಿದ ತುಟಿಗಳ ನಡುವಿನಿಂದ ಮಾತು ತೊದಲಿ ಬಂತು. "ಕಣ್ಣಾರೆ ಕಂಡಿದ್ದೆ. ನಾನೇ ಉಜ್ಜಿ ಅಳಿಸ್ದೆ."

ಗೂಳಿ ಸೂರಿನಿಂದ ಕಣ್ಣು ತೆಗೆದು ಅವನ ಕಡೆಗೆ ಹೊರಳಿದ.

"ಗೊತ್ತಿದ್ದೂ ಕೊಟ್ಯಾ? ನಿನ್ನ ಅಲ್ಲೇ ಮುಗಿಸ್ಬೇಕಿತ್ತು. ಆ ತಾಯಿ ಬಕೆಟ್ ತಂದ್ಲು, ನೀನು ಉಳ್ಕೊಂಡೆ."

ಮೂರು ದಿನದಲ್ಲಿ ಎಂಟೂ ಅಂಗಡಿಗಳು ತಮ್ಮ ಚೂರಿಗಳನ್ನು ಬೇರೆ ಪೇಟೆಗೆ ಕಳುಹಿಸತೊಡಗಿದವು. ನಲವತ್ತೆಂಟು ವರ್ಷದ ಹೆಸರು ನೀರಿನಲ್ಲಿ ಉಪ್ಪಿನಂತೆ ಕರಗಿತು. ಅಳಿಯ ಮಾತ್ರ ಕಣ್ಣರಳಿಸಿ ಬಂದ. ಸ್ಟ್ಯಾಂಡಿನ ಮೇಲಿದ್ದ ಫೋನು ಆ ದಿನದ ಹೊಡೆದಾಟವನ್ನೆಲ್ಲ ಹಿಡಿದಿಟ್ಟಿತ್ತು.

"ಇದನ್ನ ಹಾಕಿದ್ರೆ ಹತ್ತು ಲಕ್ಷ ಗ್ಯಾರಂಟಿ ಮಾವ!"

ಸಾಣೆಯಣ್ಣ ಕಟ್ಟು ಹಾಕಿದ ಕೈಯಿಂದಲೇ ಅಳಿಯನ ಕೆನ್ನೆಗೆ ಬಿಗಿದ. ಕಟ್ಟಿನ ಬಟ್ಟೆ ಮತ್ತೆ ಕೆಂಪಾಯಿತು. "ಹತ್ತು ಲಕ್ಷ ಜನ ಬಂದು ಏನ್ ಮಾಡ್ತಾರೋ? ಅವರ ಮನೇಲಿ ಒಂದು ಚೂರಿ ಇದ್ಯಾ? ಎಂಟು ಜನ ನೋಡ್ಬೇಕು ನಂಗೆ. ಎಂಟೇ ಜನ. ಅದನ್ನ ಅಳಿಸು, ಆಮೇಲೆ ಆ ಎಂಟು ಜನರ ನಂಬರ್ ಹುಡುಕು."

ಅಕ್ಟೋಬರ್ ೯, ಭಾನುವಾರ, ಬೆಳಿಗ್ಗೆ ಆರೂವರೆಗೆ ನೇರ ಪ್ರಸಾರವೆಂದು ಎಂಟೂ ಅಂಗಡಿಗಳಿಗೆ ಸುದ್ದಿ ಹೋಯಿತು. ಸಾಣೆಯಣ್ಣ ಮುರಿದ ಹಲ್ಲುಗಳನ್ನು ಮರೆಸದೆ ಫೋನಿನ ಮುಂದೆ ಕುಳಿತ. ಮೊದಲು ಒಂದು ಹಳೆಯ ಚೂರಿಯನ್ನು ಒಣ ಚಕ್ರಕ್ಕೆ ಹಿಡಿದು, ಕಿಡಿ ಹಾರಿಸಿ, ನೀಲಿ ಗೆರೆಯನ್ನು ತೋರಿಸಿದ. ಉಜ್ಜಿ ಅಳಿಸುವ ಬಗೆಯನ್ನೂ ತೋರಿಸಿದ. ಆಮೇಲೆ ಆ ಚೂರಿಯಿಂದ ಮೂಳೆಗೆ ಹೊಡೆದ. ಅಂಚು ನಾಲಗೆಯಂತೆ ಮಡಚಿತು.

"ಗೂಳಿಗೆ ನಾನು ಕೊಟ್ಟಿದ್ದು ಇಂಥಾದ್ದೇ. ತಪ್ಪು ನಂದು."

ಅಷ್ಟರಲ್ಲಿ ಬಾಗಿಲು ಕತ್ತಲಾಯಿತು. ಎರಡು ಬೆರಳು ಕಟ್ಟಿಗೆಯಂತೆ ಸೆಟೆದ ಎಡಗೈ, ಬಲಗೈಯಲ್ಲಿ ಅದೇ ಚೂರಿ, ಹೆಗಲ ಮೇಲೆ ಒಂದು ತೊಡೆ ಮಾಂಸ. "ಮಸೆ," ಎಂದ ಗೂಳಿ.

ಹೆಂಡತಿ ಪೆನ್ನುಗಳನ್ನು ಸುರಿದು ಚೊಂಬು ತುಂಬಿಸಿದಳು. ಬಿರುಕು ಬಿಟ್ಟಿದ್ದ ಕಲ್ಲಿನ ಬದಲು ಹೊಸ ಕಲ್ಲು ಬಂದಿತ್ತು. ನಾಲ್ಕು ಗಂಟೆ ಹತ್ತು ನಿಮಿಷ ಸಾಣೆಯಣ್ಣ ಮಸೆದ, ಹೆಚ್ಚಾಗಿ ಎಡಗೈಯಿಂದಲೇ. ಕೆಟ್ಟ ಉಕ್ಕೆಲ್ಲ ಸವೆದು, ಚೂರಿಯ ಅಗಲ ಒಂದು ನೂಲಿನಷ್ಟು ಕಡಿಮೆಯಾಯಿತು.

ಗೂಳಿ ಮಾಂಸವನ್ನು ಮರದ ಹಲಗೆಯ ಮೇಲೆ ಹಾಕಿದ. "ನನ್ ಎಡಗೈ ಹಿಡಿಯಲ್ಲ. ನಿನ್ ಕೈ ಕೊಡು. ಮೂಳೆ ಹಿಡ್ಕೋ."

"ಬೇಡ ರೀ!" ಎಂದಳು ಹೆಂಡತಿ.

"ನೀನು ನೀರು ಹಾಕಿದೀಯಲ್ಲ, ಸುಮ್ನಿರು," ಎಂದು ಸಾಣೆಯಣ್ಣ ತನ್ನ ಎಡಗೈಯನ್ನು, ಸುಟ್ಟ ಗೆರೆಯಿದ್ದ ಆ ಕೈಯನ್ನು, ಮೂಳೆಯ ತುದಿಗೆ ಒತ್ತಿದ. ಚೂರಿ ಮೂಳೆಗುಂಟ ಕರಕರನೆ ಅವನ ಬೆರಳುಗಳ ಕಡೆಗೇ ಓಡಿ ಬಂತು. ಮೂಳೆಯ ಗಂಟಿಗೆ ಬಡಿಯಿತು. ಮಡಚಲಿಲ್ಲ, ಜಾರಲಿಲ್ಲ, ಹೆಬ್ಬೆರಳಿಂದ ಒಂದು ಅಕ್ಕಿಕಾಳಿನಷ್ಟು ಆಚೆ ನಿಂತಿತು. ಗೂಳಿ ಅದನ್ನು ಬೆಳಕಿಗೆ ಹಿಡಿದು ಅಂಚನ್ನು ನೋಡಿ, ಪ್ಯಾಂಟಿಗೆ ಒರೆಸಿಕೊಂಡು, ಮಾಂಸ ಹೊತ್ತು ಹೊರಟುಹೋದ.

"ಒಟ್ಟು ಇನ್ನೂರ ಹನ್ನೊಂದೇ ಜನ ಮಾವ," ಎಂದ ಅಳಿಯ ಸಣ್ಣ ದನಿಯಲ್ಲಿ.

"ಎಂಟು ಜನ?"

"ಏಳು. ಎಂಟನೆಯವನು ಇಲ್ಲೇ ಇದ್ನಲ್ಲ."

ಸೋಮವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ಬಟ್ಟೆ ಸುತ್ತಿದ ಐದು ಕಟ್ಟುಗಳಿದ್ದವು. ಮೂರು ಅಂಗಡಿಗಳು ಇನ್ನೂ ನಂಬಿರಲಿಲ್ಲ. ಗೂಳಿಯ ಉಳಿದ ಚೂರಿಗಳ ಕಟ್ಟು ಎಲ್ಲಕ್ಕಿಂತ ಕೆಳಗಿತ್ತು, ಎಂದರೆ ಮೊದಲು ಬಂದದ್ದು ಅದೇ. ಅಳಿಯ ಫೋನನ್ನು ಮುಂದೆ ಹಿಡಿದ. ಮೂರು ಊರಿನಾಚೆಯ ಒಬ್ಬ ಅಡುಗೆಯವನು ಪುಟದಲ್ಲಿ ಬರೆದಿದ್ದ: "ಆರು ಚಾಕು ಕಳಿಸಬಹುದಾ? ಕಿಡಿ ಬೇಡ."

ಹೆಂಡತಿ ಆಗಲೇ ಚೊಂಬು ತುಂಬಿಸಿಕೊಂಡು ಕುಳಿತಿದ್ದಳು.