ಮಗಳು ನನ್ನನ್ನು ಬೈದ ಸಂಜೆ

ಮಗಳಿಗೆ ಮೂರೂವರೆ ತುಂಬಿದರೂ ಮಾತು ಬಂದಿರಲಿಲ್ಲ. ಗೊತ್ತಿದ್ದದ್ದು ಒಂದೇ ಪದ: "ಕೊಡು". ಕೊಡಬೇಕಾದ್ದು ನನ್ನ ಫೋನ್. ಅದರಲ್ಲಿ ಬೊಂಬೆ ಕುಣಿಯುತ್ತಿದ್ದರೆ ತುತ್ತು ಒಳಗೆ, ನಿಂತರೆ ಬಾಯಿ ಬಂದ್. ಆ ರೂಢಿ ಹಚ್ಚಿದವಳು ನಾನೇ. ಬಟ್ಟಲು ಬೇಗ ಖಾಲಿಯಾದರೆ ಸಾಕಿತ್ತು ನನಗೆ.

ದಾವಣಗೆರೆಯ ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ, "ಕಿವಿ ಚೆನ್ನಾಗೈತಮ್ಮ. ಮೊದ್ಲು ಫೋನ್ ಬಿಡಿಸ್ರಿ, ಕೂಸಿನ ಜೊತೆ ಮಾತಾಡ್ರಿ" ಎಂದರು. ಇದನ್ನು ಕೇಳಲು ಇಷ್ಟು ಹೊತ್ತು ಕಾದೆನಾ ಎಂದು ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಅತ್ತುಬಿಟ್ಟೆ. ಇವಳ ಬಾಯಲ್ಲಿ ಒಂದು ಸಲ "ಅವ್ವ" ಅನ್ನಿಸಿಕೊಳ್ಳುತ್ತೇನೋ ಇಲ್ಲವೋ ಎಂಬ ಭಯ ಬಿಡಲೇ ಇಲ್ಲ.

ಮರುದಿನವೇ ಹರಿಹರದ ತವರಿಗೆ ಹೋದೆ. ನನ್ನವ್ವ ನನ್ನ ಫೋನ್ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಜಡಿದಳು. ಮಗಳು ಎರಡು ದಿನ ನೆಲದ ಮೇಲೆ ಹೊರಳಾಡಿದಳು. ಪಕ್ಕದ ಮನೆಯ ಖಾಲಾ ಗಾಬರಿಯಾಗಿ ಬಂದು, "ಕೂಸಿಗೆ ಏನಾಗೈತ್ರಿ?" ಎಂದರು. "ಏನೂ ಇಲ್ರಿ, ಹಟ ಇಳೀತಾ ಐತೆ" ಎಂದಳು ಅವ್ವ. ನಾನೇ ಸೋತು ಬೀಗದ ಕೈ ಕೇಳಿದೆ. "ಸುಮ್ನೆ ಕೂಡು. ನಿಂದೂ ಇಳೀಲಿ" ಎಂದಳು.

ಮೂರನೆಯ ಸಂಜೆ ಅವ್ವ ನೆಲಕ್ಕೆ ಪೇಪರ್ ಹಾಸಿ ಮಂಡಕ್ಕಿ ಸುರಿದಳು. ನಮ್ಮ ಮನೆಯಲ್ಲಿ ಅದಕ್ಕೆ ತಟ್ಟೆಯಿಲ್ಲ; ಎಲ್ಲರೂ ಸುತ್ತ ಕೂತು ಒಂದೇ ಪೇಪರಿನಿಂದ ತಿನ್ನಬೇಕು. ಎಣ್ಣೆ, ಉಪ್ಪು, ಪುಟಾಣಿ ಹಿಟ್ಟು ಹಾಕಿ, ಕಲೆಸುವ ಕೆಲಸವನ್ನು ಮೊಮ್ಮಗಳಿಗೇ ಬಿಟ್ಟಳು. ಮೊಣಕೈವರೆಗೆ ಎಣ್ಣೆ ಮೆತ್ತಿಕೊಂಡ ಹುಡುಗಿ ಯಾರೂ ಉಣಿಸದೆ ತಾನೇ ಮುಕ್ಕಿದಳು.

"ಸಾಕೇನವ್ವ?" ಎಂದು ಅಜ್ಜಿ ಕೇಳಿದರೆ, "ಇನ್ನಾ" ಎಂದಳು. ನಾನು ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ.

ದಾವಣಗೆರೆಗೆ ಮರಳಿದ ಮೇಲೆ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲೂ ಸಂಜೆಗಳು ಹಾಗೇ ನಡೆದವು. ಅಂಗಡಿಯಿಂದ ಬಂದ ಗಂಡನೂ ಕೈ ತೊಳೆದು ಕೂರುತ್ತಿದ್ದರು. ಬ್ಯಾಡ, ನಂದು, ಖಾರ ಎಂದು ಮಾತುಗಳು ಒಂದೊಂದೇ ಬಂದವು. ಎರಡು ತಿಂಗಳಾದ ಮೇಲೆ ಒಂದು ಸಂಜೆ, "ಅಪ್ಪಾ, ಅತ್ಲಾಗ ಸರಿ" ಎಂದು ಅವರನ್ನು ದಬ್ಬಿದಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಿಡಿಯೊ ಮಾಡಿ ಊರಿಗೆಲ್ಲ ತೋರಿಸಬೇಕೆಂದು ಸೆರಗಿಗೆ ಕೈ ಒರೆಸಿಕೊಂಡು ಓಡಿ, ಫೋನ್ ತಂದು ಅವಳ ಮುಖಕ್ಕೆ ಹಿಡಿದೆ.

ಅವಳು ಫೋನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಅವ್ವಾ, ಫೋನ್ ಇಡು. ನೀನೂ ತಿನ್ನು."

ಬೈಸಿಕೊಂಡು ಅಷ್ಟು ಮೆರೆದವಳು ಇಡೀ ದಾವಣಗೆರೆಯಲ್ಲಿ ನಾನೊಬ್ಬಳೇ ಇರಬೇಕು.