ಶಿವದೇವಿಯ ಹೇಳಿಕೆ

ಶಿವದೇವಿಗೆ ಆಗ ಹದಿನೇಳು. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ದುಡಿಯಲು ಬಂದ ಬೂದೆಪ್ಪ, ಬಂಡೆಮ್ಮನವರ ಒಂದೇ ಕೂಸು. ಹುಟ್ಟಿದಾಗ ಗಂಡೆಂದು ಚನ್ನು ಅಂತ ಹೆಸರಿಟ್ಟಿದ್ದರು. ತಾನು ಹುಡುಗಿಯೆಂಬುದು ಅವಳಿಗೆ ಆರೇಳು ವರ್ಷಕ್ಕೇ ಗೊತ್ತಿತ್ತು. ಹತ್ತನೇ ತರಗತಿ ಮುಗಿದ ಮೇಲೆ ಕೂದಲು ಬಿಟ್ಟಳು, ಅಜ್ಜಿಯ ಹೆಸರನ್ನು ತಾನೇ ಇಟ್ಟುಕೊಂಡಳು. ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಕಟ್ಟುವ ಬೂದೆಪ್ಪ ಅಂದಿನಿಂದ ಅವಳ ಜೊತೆ ಮಾತು ಬಿಟ್ಟ. ಬಂಡೆಮ್ಮ ಎರಡು ದಿನ ಅತ್ತಳು. ಮೂರನೆಯ ದಿನ ತನ್ನ ಸೀರೆಯೊಂದನ್ನು ದರ್ಜಿಗೆ ಕೊಟ್ಟು ಮಗಳಿಗೆ ಚೂಡಿದಾರ ಹೊಲಿಸಿ ತಂದಳು.

ಶಿವದೇವಿ ಐಟಿಐಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸ ಕಲಿಯುತ್ತಿದ್ದಳು. ಒಂದು ಸಂಜೆ ಕುಷಾಯಿಗೂಡದಲ್ಲಿ ಬಸ್ಸಿಳಿದು ಬರುವಾಗ ಅವರದೇ ಗಲ್ಲಿಯ ಮೂವರು ಹುಡುಗರು ಅಡ್ಡಗಟ್ಟಿದರು. ಯಾರಿಗೂ ಹದಿನಾರು ದಾಟಿರಲಿಲ್ಲ. ಇಬ್ಬರು ಅವಳನ್ನು ಕೆಡವಿ, ಜಡೆ ಕತ್ತರಿಸಿ, ಗಂಡೋ ಹೆಣ್ಣೋ ಬೊಗಳು ಎಂದು ಒದ್ದರು. ಮೂರನೆಯವನು ಯಶವಂತ, ನಗುತ್ತ ಫೋನಿನಲ್ಲಿ ವಿಡಿಯೊ ಮಾಡಿದ. ಅವಳ ಎಡ ಮುಂಗೈ ಮುರಿಯಿತು. ಬೆಳಗಾಗುವುದರೊಳಗೆ ವಿಡಿಯೊ ಗಲ್ಲಿಯ ಎಲ್ಲರ ಫೋನಿಗೂ ಬಂದಿತ್ತು.

ಮೂವರೂ ದೂರು ಕೊಡಲು ಹೋದಾಗ ಠಾಣೆಯ ಜಮಾದಾರ, ಇದು ಹುಡುಗಾಟ, ನೀವು ನೀವೇ ಮಾತಾಡಿ ಮುಗಿಸಿಕೊಳ್ಳಿ ಎಂದ.

"ನಡಿ ಮನಿಗೆ. ಇದ್ದ ಮರ್ಯಾದಿನೂ ಹೊಂಟೈತಿ" ಎಂದ ಬೂದೆಪ್ಪ.

ಬಂಡೆಮ್ಮ ಬೆಂಚು ಬಿಟ್ಟು ಏಳಲಿಲ್ಲ. "ಕೈ ಮುರಿದೈತಿ ಕೂಸಿಂದು. ನೀವು ಹೋಗ್ರಿ, ನಾ ಬರಂಗಿಲ್ಲ."

ಮರುದಿನ ಐಟಿಐಯ ಮೇಷ್ಟ್ರು ಸ್ನೇಹಲತಾ ಎಂಬ ವಕೀಲೆಯನ್ನು ಕರೆತಂದರು. ಆಕೆ ಅದೇ ವಿಡಿಯೊವನ್ನು ಜಮಾದಾರನ ಮುಂದೆ ಹಿಡಿದು, ಲಿಂಗತ್ವ ಅಲ್ಪಸಂಖ್ಯಾತರ ಮೇಲೆ ಕೈ ಮಾಡಿದರೆ ಬೇರೆಯೇ ಕಾನೂನಿದೆ ಎಂದು ಸೆಕ್ಷನ್ ತೋರಿಸಿದಳು. ಹಂಗಿಸಲು ಹಂಚಿದ್ದೇ ಸಾಕ್ಷಿಯಾಗಿ, ದೂರು ದಾಖಲಾಯಿತು.

ಹುಡುಗರು ಚಿಕ್ಕವರಾದ್ದರಿಂದ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಯಿತು. ಅಲ್ಲಿ ಕಟಕಟೆಯಿಲ್ಲ, ಬೇಡಿಯಿಲ್ಲ; ಉದ್ದನೆಯ ಮೇಜಿನ ಆಚೆ ಮ್ಯಾಜಿಸ್ಟ್ರೇಟ್ ಮೇಡಂ ಮತ್ತು ಇಬ್ಬರು ಸದಸ್ಯರು ಅಷ್ಟೆ. ಗುಮಾಸ್ತ "ಚನ್ನು" ಎಂದು ಕರೆದ. ಶಿವದೇವಿ ಕೂತೇ ಇದ್ದಳು. ಮತ್ತೆ ಕರೆದ. ಈ ಸಲ ಅವಳು ಎದ್ದು ನಿಂತು ತೆಲುಗಿನಲ್ಲಿ ಹೇಳಿದಳು:

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ಮೇಡಂ. ಹೊಡೆತ ತಿಂದವಳು ಶಿವದೇವಿ. ಅವಳ ಹೇಳಿಕೆ ಬರೆದುಕೊಳ್ಳಿ."

ಮೇಡಂ ಗುಮಾಸ್ತನಿಗೆ "ಹೆಸರು ತಿದ್ದಿ" ಎಂದರು. ಜೊತೆಗೆ ಯಾರು ಬಂದಿದ್ದಾರೆಂದು ಕೇಳಿದರು. ಬಂಡೆಮ್ಮ ಬಾಯಿ ತೆರೆಯುವ ಮೊದಲೇ ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ಬೂದೆಪ್ಪ! ಕೆಲಸ ಬಿಟ್ಟು ಅವನು ಬಂದದ್ದು ತಾಯಿ ಮಗಳಿಬ್ಬರಿಗೂ ಗೊತ್ತಿರಲಿಲ್ಲ. ಗಾಬರಿಯಲ್ಲಿ ತೆಲುಗು ಬಾಯಿಗೆ ಬಾರದೆ ಕನ್ನಡದಲ್ಲೇ ಅಂದುಬಿಟ್ಟ:

"ನಾ ಬೂದೆಪ್ಪರೀ. ಅಕಿ ನನ್ನ ಮಗಳ್ರೀ."

ಶಿವದೇವಿ ಅಪ್ಪನ ಕಡೆ ತಿರುಗಿ ನೋಡಿದಳು. ನೀರು ಕುಡಿದು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಕೇಳುತ್ತ ಕೇಳುತ್ತ, ಉಳಿದಿಬ್ಬರ ಜೊತೆ ಪಕ್ಕದ ಬೆಂಚಿನಲ್ಲಿ ಕೂತಿದ್ದ ಯಶವಂತ ತಲೆ ತಗ್ಗಿಸಿ ಅಳತೊಡಗಿದ. ಕೊನೆಗೆ ಮೂವರೂ ಒಪ್ಪಿಕೊಂಡರು. ಇವರಿಗೆ ಏನು ಮಾಡಬೇಕೆನ್ನುತ್ತೀ ಎಂದು ಮೇಡಂ ಕೇಳಿದಾಗ ಅವಳು ಹೆಚ್ಚು ಯೋಚಿಸಲಿಲ್ಲ.

"ಅವರ ಓದು ನಿಲ್ಲಿಸಬೇಡಿ. ಆದರೆ ಹುಡುಗಾಟ ಅಂತ ಮಾತ್ರ ಬರೆಯಬೇಡಿ. ಅಪರಾಧ ಅಂತ ಬರೆಯಿರಿ."

ಹಾಗೆಯೇ ಬರೆದರು. ಹುಡುಗರು ಒಂದು ವರ್ಷ ಅಧಿಕಾರಿಯ ನಿಗಾದಲ್ಲಿರಬೇಕು, ವಾರವಾರ ಸಮಾಲೋಚನೆಗೆ ಬರಬೇಕು, ಆಸ್ಪತ್ರೆಯಲ್ಲಿ ಸೇವೆ ಮಾಡಬೇಕು ಎಂದು ಆದೇಶವಾಯಿತು.

ಮುರಿದ ಕೈ ಕೂಡಿತು, ಪೂರ್ತಿ ತಿರುಗಲಿಲ್ಲ. ಆ ಕೈಯಲ್ಲೇ ಅವಳು ಲೇತ್ ನಡೆಸಿ ಪರೀಕ್ಷೆ ಕೊಟ್ಟು ತರಗತಿಗೆ ಮೊದಲಿಗಳಾದಳು. ಈಗ ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಭಾನುವಾರ ಸೆಂಟ್ರಿಂಗ್ ಮಂದಿ ಮನೆಗೆ ಬಂದು ಚಹಾಕ್ಕೆ ಕೂತರೆ ಬೂದೆಪ್ಪನ ಮಾತು ಅದೇ.

"ವಿಮಾನದ ಸಾಮಾನು ಮಾಡ್ತಾಳ ನೋಡ್ರಿ ನಮ್ಮ ಶಿವದೇವಿ!"

"ವಿಮಾನದ್ದಲ್ಲಪ್ಪಾ, ನೀರಿನ ಪಂಪಿಂದು" ಎಂದು ಅವಳು ನಗುತ್ತಾಳೆ.

"ಇರಲಿ ಬಿಡ, ನಾಳೆ ಅದನ್ನೂ ಮಾಡ್ತಿ."