ಗುತ್ತೆವ್ವ ಹಾಡು ಬಿಟ್ಟದ್ದು

ಮೇಡ್ಲೇರಿಯಲ್ಲಿ ಲಗ್ನ ನಿಶ್ಚಯವಾದರೆ ಮೊದಲ ವೀಳ್ಯ ದೇವರಿಗೆ, ಎರಡನೆಯದು ಗುತ್ತೆವ್ವಗೆ. ಆಕೆ ಸೋಬಾನೆ ಎತ್ತಿದಳೆಂದರೆ ಬ್ಯಾಂಡಿನವರು ತಾವಾಗಿಯೇ ವಾದ್ಯ ಕೆಳಗಿಡುತ್ತಿದ್ದರು. ಐರಣಿ, ಕುಪ್ಪೇಲೂರಿನವರು ಚಕ್ಕಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಮನೆಯಲ್ಲೂ ಅವಳದೇ ಯಜಮಾನಿಕೆ. ಕೀಲಿ ಅವಳ ಸೊಂಟದಲ್ಲಿ, ಸೊಸೆಯಂದಿರು ಅವಳ ಕಣ್ಣಳತೆಯಲ್ಲಿ. ಮೊಮ್ಮಗಳು ಮಂಗಳವ್ವನ ಮುಂದೆ ಮಾತ್ರ ಬೆಣ್ಣೆ. "ನಿನ್ನ ಲಗ್ನದ ಸುರಿಗಿ ನೀರಿಗೆ ಹಾಡೇ ನಾ ಸಾಯಾಕಿ" ಎಂದು ಆ ಹುಡುಗಿಗೆ ಚಿಕ್ಕಂದಿನಿಂದಲೂ ಆಸೆ ಹಚ್ಚಿದ್ದಳು.

೧೯೮೬ರಲ್ಲಿ ಗಂಡ ಹೊಳಿಯಪ್ಪ ತೀರಿಕೊಂಡ. ಕುಂಕುಮ ಅಳಿಸಿದ ದಿನವೇ ವೀಳ್ಯ ಬರುವುದೂ ನಿಂತಿತು. ಎರಡು ವರ್ಷಕ್ಕೆ ಮಂಗಳವ್ವನ ಲಗ್ನ ಕೂಡಿತು, ರಾಣೆಬೆನ್ನೂರಿನ ಅಂಗಡಿಕಾರರ ಮನೆಗೆ. ಅಜ್ಜಿಯೇ ಹಾಡಬೇಕೆಂದು ಅವಳು ಅಪ್ಪ ಮಾಲತೇಶಪ್ಪನ ಬೆನ್ನು ಹತ್ತಿದಳು.

"ಮುತ್ತೈದಿ ಅಲ್ದಾಕಿ ಹಾಡಿದ್ರ ಬೀಗರು ಎದ್ದ ಹೋಗ್ತಾರ. ಯವ್ವನ ಕ್ಯಾಸೆಟ್ ಐತೆಲ್ಲ, ನಿಮ್ಮಜ್ಜ ಇದ್ದಾಗ ತುಂಬಿಸಿದ್ದು. ಅದನ್ನ ಹಚ್ಚೂಣು."

ಹೆತ್ತ ಮಗನ ಬಾಯಲ್ಲಿ ಈ ಮಾತು! ಗುತ್ತೆವ್ವ ಜಗಳ ತೆಗೆಯಲಿಲ್ಲ. ಯಾವ ಬಾಯಿಂದ ತೆಗೆದಾಳು? ತನ್ನ ಕಾಲದಲ್ಲಿ ಎಷ್ಟು ಗಂಡ ಸತ್ತವರನ್ನು ಹಂದರದಿಂದ ಆಚೆ ಕಳಿಸಿದ್ದಳೋ. ಎದ್ದು ಅಡುಗೆಮನೆ ಸೇರಿದಳು.

ಸುರಿಗಿಯ ದಿನ ಮೂಲೆಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ಮದುಮಕ್ಕಳನ್ನು ನಡುವೆ ಕೂರಿಸಿ ನೀರೆರೆಯುತ್ತಿದ್ದರು. ಸ್ಪೀಕರಿನಲ್ಲಿ ಗುತ್ತೆವ್ವ ಹಾಡುತ್ತಿದ್ದಳು. ಗೋಡೆಯಾಚೆ ಅದೇ ಗುತ್ತೆವ್ವ ರೊಟ್ಟಿ ಬಡಿಯುತ್ತಿದ್ದಳು. ದನಿ ಶುಭ, ದನಿಯವಳು ಅಪಶಕುನ! ನೂಲಿನ ನಡುವೆ ಕುಳಿತ ಮಂಗಳವ್ವ ಅಡುಗೆಮನೆಯ ಕಡೆಗೇ ನೋಡುತ್ತಿದ್ದಳು.

ನಡು ನುಡಿಯಲ್ಲಿ ಟೇಪು ಸಿಕ್ಕಿಕೊಂಡು ಹಾಡು ನಿಂತಿತು. ಮುಂದಿನ ನುಡಿ ಯಾವ ಹೆಂಗಸಿಗೂ ಬಾರದು. ಗುತ್ತೆವ್ವ ಇರುವಾಗ ಕಲಿಯುವ ಗರಜು ಯಾರಿಗಿತ್ತು? ಬೀಗತಿಯರು ಮುಖ ಮುಖ ನೋಡಿಕೊಂಡರು. ಮಾಲತೇಶಪ್ಪ ಅಡುಗೆಮನೆ ಬಾಗಿಲಿಗೆ ಓಡಿದ.

"ಯವ್ವಾ, ಒಳಗ ಕುಂತಾದ್ರೂ ಎರಡ ನುಡಿ ಅನ್ನಬೇ. ಯಾರಿಗೂ ಕಾಣಂಗಿಲ್ಲ. ಮರ್ಯಾದಿ ಉಳೀತೈತಿ."

ಗುತ್ತೆವ್ವ ಹಂಚಿನ ಮೇಲಿನ ರೊಟ್ಟಿ ಹೊರಳಿಸಿದಳು. "ಹಾಡಾಕಿ ನಿಮ್ಮಪ್ಪನ ಜೋಡಿ ಹ್ವಾದ್ಲಪಾ. ನೀವ ಮಣ್ಣ ಮಾಡಿ ಬಂದ್ರಿ. ಇಲ್ಲಿ ಕುಂತಾಕಿ ರೊಟ್ಟಿ ಬಡಿಯಾಕಿ."

ಈ ಮಾತು ಹೊರಗೂ ಕೇಳಿಸಿತು. ಹಾಡಿಲ್ಲದ ನೀರು ಮಂಗಳವ್ವನ ತಲೆಯ ಮೇಲೆ ಸುರಿಯಿತು. ಅವಳು ಅತ್ತದ್ದನ್ನು ತವರು ಬಿಡುವ ಸಂಕಟವೆಂದು ಬಂದವರು ಸಮಾಧಾನ ಮಾಡಿದರು.

ಮರುವರ್ಷ ಅವಳು ಬಾಣಂತನಕ್ಕೆ ಬಂದಾಗ ಅಜ್ಜಿಯೇ ಕೂಸಿಗೆ ಎರೆದಳು, ತೊಟ್ಟಿಲು ತೂಗಿದಳು. "ಜೋ ಅನ್ನ ಅಜ್ಜಿ. ಇಲ್ಲಿ ಯಾವ ಬೀಗರು ಅದಾರ? ನಾನು, ನನ್ನ ಕೂಸು ಅಷ್ಟ" ಎಂದು ಮಂಗಳವ್ವ ಬೇಡಿಕೊಂಡಳು. ಕೂಸು ಅತ್ತು ಅತ್ತು ಕೆಂಪಾಯಿತು. ಗುತ್ತೆವ್ವ ತೊಟ್ಟಿಲ ಹಗ್ಗ ಜಗ್ಗುತ್ತಲೇ ಇದ್ದಳು. ಬಾಯಿ ಮಾತ್ರ ಬಿಡಲಿಲ್ಲ.